ಹಣವಿದ್ದೂ ಪರದೇಶಿ

2025ರ ಜನವರಿಯ ಒಂದು ಮಧ್ಯಾಹ್ನ. ನವಲಗುಂದದ ಓಣಿಯೊಂದರಲ್ಲಿ ಜಮಖಾನೆ ನೇಯುವ ಕುಟುಂಬದ ಮನೆ. ನನ್ನ ಜೊತೆಗಿದ್ದವರು ಸ್ವೀಡನ್ ದೇಶದ ದಂಪತಿ. ಅಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳ ನೆರೆಹೊರೆಯವರು. ಮನೆಯ ಹಿರಿಯ ಹೆಣ್ಣುಮಗಳು ನವಿಲಿನ ಚಿತ್ತಾರವಿದ್ದ ಸಣ್ಣ ಜಮಖಾನೆಯೊಂದನ್ನು ಬಿಚ್ಚಿ ಹಾಸಿದರು. ಅತಿಥಿಗಳಿಗೆ ಅದು ಮೆಚ್ಚಿಕೆಯಾಯಿತು. ಬೆಲೆ 4,500 ರೂಪಾಯಿ. ಚೌಕಾಸಿಯ ಮಾತೇ ಬರಲಿಲ್ಲ. ಆಕೆ ತಮ್ಮ ಮಗನ ಫೋನಿನಲ್ಲಿದ್ದ ಕ್ಯೂಆರ್ ಕೋಡ್ ತೋರಿಸಿದರು. ಅತಿಥಿ ತನ್ನ ಫೋನನ್ನು ಅದರ ಮುಂದೆ ಹಿಡಿದ. ಪಾವತಿ ಆಗಲಿಲ್ಲ. ಮತ್ತೊಮ್ಮೆ ಹಿಡಿದ. ಆಗಲೂ ಆಗಲಿಲ್ಲ.

ಆತನ ಫೋನಿನಲ್ಲಿ ಹಣವಿರಲಿಲ್ಲವೆಂದಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿ, ವಿದೇಶಿ ಪ್ರವಾಸಿಗರಿಗೆಂದೇ ಇರುವ ಯುಪಿಐ ವಾಲೆಟ್ಟನ್ನು ಆತ ಪಡೆದುಕೊಂಡಿದ್ದ. ದಾರಿಯುದ್ದಕ್ಕೂ ಹೋಟೆಲಿನಲ್ಲಿ, ಔಷಧದ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಅದರಿಂದಲೇ ಹಣ ಕೊಟ್ಟು ಮಗುವಿನಂತೆ ಸಂಭ್ರಮಿಸಿದ್ದ. ಇಷ್ಟು ಸಲೀಸಾದ ವ್ಯವಸ್ಥೆ ತಮ್ಮ ದೇಶದಲ್ಲಿ ಪರದೇಶದವರಿಗೆ ಇಲ್ಲವೆಂದು ಹೊಗಳಿಯೂ ಇದ್ದ. ಆದ್ದರಿಂದಲೇ ಕಿಸೆಯಲ್ಲಿ ನೋಟುಗಳನ್ನು ಹೆಚ್ಚು ಇಟ್ಟುಕೊಂಡಿರಲಿಲ್ಲ. ಊರಿನ ಎಟಿಎಂ ಆ ದಿನ ಖಾಲಿಯಾಗಿತ್ತು. ಕೊನೆಗೆ ನನ್ನ ಫೋನಿನಿಂದ ನಾನೇ ಹಣ ಕಳುಹಿಸಿದೆ. ಅತಿಥಿ ನನಗೆ ಸಾಲಗಾರನಾದ. ಆಗ ಆ ಹೆಣ್ಣುಮಗಳು ಹೇಳಿದ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು: ‘ಹೋದ ವರ್ಷನೂ ಹಿಂಗ ಆಗಿತ್ತರೀ ಸಾಹೇಬ್ರ. ಹೊರದೇಶದವ್ರು ಇಬ್ರು ಬಂದಿದ್ರು. ಮನಸ್ಸು ಮಾಡಿದ್ರು, ಫೋನ್ ಹಿಡದ್ರು, ಆಗಲಿಲ್ಲ. ಜಮಖಾನಿ ಇಲ್ಲೇ ಬಿಟ್ಟು ಹೋದ್ರು. ಅವ್ರ ಜೋಡಿ ನಿಮ್ಮಂಥವ್ರು ಯಾರೂ ಇರಲಿಲ್ಲಲ್ರಿ.’

ಕೊಳ್ಳುವವನಿಗೆ ಮನಸ್ಸಿದೆ, ಹಣವಿದೆ. ಮಾರುವವರ ಬಳಿ ವಾರಗಟ್ಟಲೆ ದುಡಿದು ನೇಯ್ದ ಸರಕಿದೆ, ಬ್ಯಾಂಕ್ ಖಾತೆಯಿದೆ, ಫೋನಿದೆ. ಆದರೂ ವ್ಯಾಪಾರ ಕುದುರುವುದಿಲ್ಲ. ಅರ್ಥಶಾಸ್ತ್ರವನ್ನು ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ ಇದು ಒಂದು ಸಣ್ಣ ತಾಂತ್ರಿಕ ತೊಡಕಾಗಿ ಕಾಣಲಿಲ್ಲ. ಹಣ ಎಂಬುದು ಏಕೆ ಹುಟ್ಟಿತು ಎಂಬ ಮೂಲ ಪ್ರಶ್ನೆಗೇ ಇದು ನನ್ನನ್ನು ಮರಳಿಸಿತು.

ನಾಲ್ಕು ದಶಕಗಳ ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಹಣದ ಪಾಠ ಆರಂಭವಾಗುತ್ತಿದ್ದುದು ವಸ್ತು ವಿನಿಮಯದ ಕಷ್ಟದಿಂದ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1875ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಕಷ್ಟವನ್ನು ವಿವರಿಸಿದ್ದಾನೆ. ಜೋಳವಿದ್ದವನಿಗೆ ಬಟ್ಟೆ ಬೇಕು ಎನ್ನೋಣ. ಬಟ್ಟೆ ಇದ್ದವನು ಸಿಕ್ಕರೆ ಸಾಲದು; ಆತನಿಗೆ ಜೋಳವೇ ಬೇಕಾಗಿರಬೇಕು. ಎರಡೂ ಕಡೆಯ ಅಗತ್ಯಗಳು ಏಕಕಾಲಕ್ಕೆ ಕೂಡಿಬಂದರೆ ಮಾತ್ರ ವಿನಿಮಯ ಸಾಧ್ಯ. ಎಲ್ಲರೂ ಒಪ್ಪುವ ಹಣ ಬಂದದ್ದು ಈ ಇಕ್ಕಟ್ಟಿನಿಂದ ಪಾರುಮಾಡಲು. ನವಲಗುಂದದ ಪಡಸಾಲೆಯಲ್ಲಿ ನಾನು ಕಂಡದ್ದು ಅದೇ ಹಳೆಯ ಇಕ್ಕಟ್ಟಿನ ಹೊಸ ರೂಪವಲ್ಲದೆ ಬೇರೇನೂ ಅಲ್ಲ. ಈಗ ಕೂಡಿಬರಬೇಕಾದುದು ಅಗತ್ಯಗಳಲ್ಲ. ಎರಡು ಫೋನುಗಳು, ಎರಡು ಖಾತೆಗಳು, ಎರಡು ದೇಶಗಳ ನಿಯಮಗಳು. ಇವುಗಳಲ್ಲಿ ಒಂದು ಹೊಂದದಿದ್ದರೂ ಹಣವಿದ್ದವನು ಬರಿಗೈಯವನೇ.

ನಮ್ಮ ಭಾಗದ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಬೇರೆ ದೇಶದವನು. ಇನ್ನೊಂದು, ಹಿಂದೆ ಮುಂದೆ ಯಾರೂ ಇಲ್ಲದ ಅನಾಥ. ಈ ಎರಡನೆಯ ಅರ್ಥದ ಅನುಭವ ನನಗೂ ಆಗಿದೆ.

2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಸ್ವೀಡನ್ನಿಗೆ ಹೋಗಿದ್ದೆ. ಒಂದು ಶನಿವಾರ ಬೆಳಗಿನ ವಾಯುವಿಹಾರಕ್ಕೆ ಹೊರಟವನು ದಾರಿಯಲ್ಲಿ ಹಳೆಯ ಸಾಮಾನುಗಳ ಸಂತೆಯೊಂದನ್ನು ಕಂಡು ಒಳಹೊಕ್ಕೆ. ವೃದ್ಧೆಯೊಬ್ಬರು ಕೈಮಗ್ಗದ ನೆಲಹಾಸುಗಳನ್ನು ಮಾರುತ್ತಿದ್ದರು. ನಮ್ಮ ಜಮಖಾನೆಯ ದೂರದ ನೆಂಟನಂತಿದ್ದ ಒಂದನ್ನು ಆರಿಸಿಕೊಂಡು ನೋಟು ಚಾಚಿದೆ. ಆಕೆ ನಗುತ್ತಲೇ ತಲೆಯಾಡಿಸಿ, ಮೇಜಿಗೆ ಅಂಟಿಸಿದ್ದ ಕಾಗದವನ್ನು ತೋರಿಸಿದರು. ‘ಸ್ವಿಷ್’ ಎಂಬ ಆ್ಯಪ್‌ನ ಸಂಖ್ಯೆ ಅದರಲ್ಲಿತ್ತು. ನಗದು ಬೇಡ. ಕಾರ್ಡು ಉಜ್ಜುವ ಯಂತ್ರವೂ ಆಕೆಯ ಬಳಿ ಇರಲಿಲ್ಲ. ನನ್ನ ಪೇಚಾಟವನ್ನು ಗಮನಿಸಿದ ಪಕ್ಕದ ತರುಣನೊಬ್ಬ ತನ್ನ ಫೋನಿನಿಂದ ಆಕೆಗೆ ಹಣ ಕಳುಹಿಸಿ, ನನ್ನ ನೋಟನ್ನು ತಾನು ಇಟ್ಟುಕೊಂಡ. ಅಂದು ಆ ತರುಣ ನನಗೆ ಮಾಡಿದ ಉಪಕಾರವನ್ನೇ ಎರಡು ವರ್ಷಗಳ ಬಳಿಕ ನಾನು ಆತನ ದೇಶದವರಿಗೆ ನವಲಗುಂದದಲ್ಲಿ ತೀರಿಸಿದೆ ಎನ್ನಬೇಕು.

ಸ್ವಿಷ್ ಎಂಬುದು ಸ್ವೀಡನ್ನಿನ ದೊಡ್ಡ ಬ್ಯಾಂಕುಗಳು ಕೂಡಿ 2012ರಲ್ಲಿ ಆರಂಭಿಸಿದ ವ್ಯವಸ್ಥೆ. ಅದನ್ನು ಬಳಸಲು ಅಲ್ಲಿನ ಬ್ಯಾಂಕ್ ಖಾತೆ ಬೇಕು, ‘ಬ್ಯಾಂಕ್‌ಐಡಿ’ ಎಂಬ ವಿದ್ಯುನ್ಮಾನ ಗುರುತು ಬೇಕು, ಅದಕ್ಕೆ ಅಲ್ಲಿನ ನಿವಾಸಿಗಳಿಗೆ ನೀಡುವ ವೈಯಕ್ತಿಕ ಸಂಖ್ಯೆ ಬೇಕು. ಮೂರು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಬಂದ ತಂದೆಗೆ ಇವುಗಳಲ್ಲಿ ಯಾವುದೂ ಸಿಗುವಂತಿಲ್ಲ. ವಿಪರ್ಯಾಸವೆಂದರೆ, ಯುರೋಪಿನಲ್ಲಿ ಮೊತ್ತಮೊದಲು ಬ್ಯಾಂಕ್ ನೋಟು ಹೊರಡಿಸಿದ್ದು ಇದೇ ಸ್ವೀಡನ್. 1661ರಲ್ಲಿ ಸ್ಟಾಕ್‌ಹೋಮಿನ ಬ್ಯಾಂಕೊಂದು ಆ ಸಾಹಸಕ್ಕೆ ಕೈಹಾಕಿತ್ತು. ನೋಟಿನ ತವರೂರಿನಲ್ಲೇ ನೋಟಿಗೆ ಈ ಗತಿ ಬಂದಿದೆ.

ಇದನ್ನು ಓದುವವರಲ್ಲಿ ಅನೇಕರ ಮಕ್ಕಳು ವಿದೇಶಗಳಲ್ಲಿದ್ದಾರೆ. ಹೆರಿಗೆಗೆ, ಬಾಣಂತನಕ್ಕೆ, ಮೊಮ್ಮಕ್ಕಳ ಆರೈಕೆಗೆ ಎಂದು ಆರು ತಿಂಗಳು ಹೋಗಿಬರುವ ತಂದೆ ತಾಯಂದಿರ ಪಾಡು ಅವರಿಗೆ ತಿಳಿಯದ್ದೇನಲ್ಲ. ಊರಿನಲ್ಲಿ ತರಕಾರಿಯವಳಿಗೂ ಫೋನಿನಲ್ಲೇ ಹಣ ಕೊಟ್ಟು ರೂಢಿಯಾದವರು ಅಲ್ಲಿ ಹಾಲಿನ ಪೊಟ್ಟಣಕ್ಕೂ ಮಕ್ಕಳ ಮುಖ ನೋಡಬೇಕಾಗುತ್ತದೆ. ಅಲ್ಲಿನ ಸಿಮ್ ಹಾಕಿಕೊಳ್ಳಲೆಂದು ನಮ್ಮ ಸಿಮ್ ತೆಗೆದರಂತೂ ಮುಗಿಯಿತು. ಬ್ಯಾಂಕು ಕಳುಹಿಸುವ ಒಟಿಪಿ ಬರುವುದಿಲ್ಲ. ಯುಪಿಐ ನೋಂದಣಿ ನಮ್ಮ ಸಿಮ್ಮಿಗೆ ಅಂಟಿಕೊಂಡಿರುವುದರಿಂದ ಬೇರೆ ಫೋನಿನಲ್ಲಿ ಅದನ್ನು ಮತ್ತೆ ತೆರೆಯಲೂ ಆಗುವುದಿಲ್ಲ. ಅಣ್ಣಿಗೇರಿಯ ನನ್ನ ಹಿರಿಯ ಸ್ನೇಹಿತರೊಬ್ಬರು ಮಗನ ಮನೆಯಲ್ಲಿದ್ದ ನಾಲ್ಕು ತಿಂಗಳು ಊರಿನ ಮನೆಯ ಕರೆಂಟ್ ಬಿಲ್ಲನ್ನು ಪಕ್ಕದ ಮನೆಯವರಿಂದ ಕಟ್ಟಿಸಿದರು. ಅವರ ಪಿಂಚಣಿ ಖಾತೆಯಲ್ಲಿ ಹಣ ತಿಂಗಳು ತಿಂಗಳೂ ಜಮೆಯಾಗುತ್ತಲೇ ಇತ್ತು.

ಮೊಬೈಲ್ ಪಾವತಿಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. 2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐ, 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟುಗಳನ್ನು ನಡೆಸಿತು. ಯಾವ ಬ್ಯಾಂಕಿನ ಖಾತೆಯಿಂದ ಯಾವ ಬ್ಯಾಂಕಿನ ಖಾತೆಗಾದರೂ, ಯಾವ ಆ್ಯಪ್‌ನಿಂದಾದರೂ ಹಣ ಹೋಗುವಂತೆ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ಚಿಲ್ಲರೆಯ ಜಗಳ ತಪ್ಪಿತು, ಖೋಟಾ ನೋಟಿನ ಭಯ ಕಡಿಮೆಯಾಯಿತು. ಸಂತೆಯ ದಿನ ಸಂಜೆ ಗಲ್ಲೆಯ ಹಣವನ್ನು ಮಡಿಲಲ್ಲಿ ಕಟ್ಟಿಕೊಂಡು ಹೆದರುತ್ತ ಮನೆ ಸೇರುತ್ತಿದ್ದ ಹೆಣ್ಣುಮಕ್ಕಳಿಗೆ ಅದು ನೀಡಿರುವ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇಶದ ಒಳಗೆ ಎಲ್ಲ ಗೋಡೆಗಳನ್ನೂ ಕೆಡವಿದ ಈ ವ್ಯವಸ್ಥೆ ದೇಶದ ಗಡಿಯಲ್ಲಿ ಮಾತ್ರ ಏಕೆ ತಡವರಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಗಡಿ ದಾಟುವ ಪ್ರಯತ್ನಗಳು ನಡೆದಿವೆ, ನಿಜ. 2021ರಲ್ಲಿ ಭೂತಾನ್ ನಮ್ಮ ಯುಪಿಐ ಅನ್ನು ಒಪ್ಪಿಕೊಂಡಿತು. 2023ರ ಫೆಬ್ರುವರಿಯಲ್ಲಿ ಸಿಂಗಪುರದ ‘ಪೇನೌ’ ವ್ಯವಸ್ಥೆಯೊಂದಿಗೆ ಜೋಡಣೆಯಾಯಿತು. 2024ರ ಫೆಬ್ರುವರಿಯಲ್ಲಿ ಫ್ರಾನ್ಸ್‌ನ ಐಫೆಲ್ ಗೋಪುರದ ಟಿಕೆಟ್ಟನ್ನು ಯುಪಿಐ ಮೂಲಕ ಕೊಳ್ಳುವ ಅನುಕೂಲ ಬಂತು. ಅದೇ ತಿಂಗಳು ಶ್ರೀಲಂಕಾ ಮತ್ತು ಮಾರಿಷಸ್, ಮರು ತಿಂಗಳು ನೇಪಾಳ ಸೇರಿಕೊಂಡವು. ಆದರೆ ಐಫೆಲ್ ಗೋಪುರ ಹತ್ತುವುದಕ್ಕೆ ಸಿಕ್ಕ ಸೌಲಭ್ಯ ಬೀದಿ ಬದಿಯ ರೊಟ್ಟಿಯಂಗಡಿಗೂ ಸಿಕ್ಕಿತೆಂದು ಭಾವಿಸಿ ಹೊರಟರೆ ಉಪವಾಸವೇ ಗತಿ. ಪ್ರವಾಸಿಗೆ ಬೇಕಾದುದು ಪತ್ರಿಕೆಗಳಲ್ಲಿ ಫೋಟೊ ಬರುವ ಸ್ಥಳಗಳಲ್ಲಿ ಹಣ ಕೊಡುವ ಸಾಮರ್ಥ್ಯವಲ್ಲ. ಹಸಿವು, ನೀರಡಿಕೆ, ಬಸ್ಸಿನ ಟಿಕೆಟ್ಟಿನ ಹೊತ್ತಿನಲ್ಲಿ ಹಣ ಕೊಡುವ ಸಾಮರ್ಥ್ಯ.

ನಮ್ಮಲ್ಲಿಗೆ ಬರುವ ವಿದೇಶಿಯರ ವಿಷಯವನ್ನೂ ಪರಿಶೀಲಿಸೋಣ. ಜಿ–20 ಅಧ್ಯಕ್ಷತೆಯ ವರ್ಷವಾದ 2023ರ ಫೆಬ್ರುವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಅದರಂತೆ, ಮೊದಲಿಗೆ ಜಿ–20 ದೇಶಗಳ ಪ್ರವಾಸಿಗರಿಗೆ ಆಯ್ದ ವಿಮಾನ ನಿಲ್ದಾಣಗಳಲ್ಲಿ ಯುಪಿಐಗೆ ಜೋಡಿಸಿದ ವಾಲೆಟ್ ನೀಡಬಹುದಾಯಿತು. ಪಾಸ್‌ಪೋರ್ಟ್ ಮತ್ತು ವೀಸಾಗಳನ್ನು ಖುದ್ದಾಗಿ ಪರಿಶೀಲಿಸಬೇಕು. ವಿದೇಶಿ ವಿನಿಮಯದ ಮೂಲಕವೇ ಅದಕ್ಕೆ ಹಣ ತುಂಬಬೇಕು. ಅದರಿಂದ ವ್ಯಾಪಾರಿಗಳಿಗೆ ಮಾತ್ರ ಹಣ ಪಾವತಿಸಬಹುದು. ಈ ಕೊನೆಯ ಷರತ್ತೇ ನವಲಗುಂದದಲ್ಲಿ ನನ್ನ ಅತಿಥಿಯ ಕೈಕಟ್ಟಿದ್ದು. ಜಮಖಾನೆ ನೇಯುವ ಹೆಣ್ಣುಮಗಳು ತೋರಿಸಿದ್ದು ಮಗನ ವೈಯಕ್ತಿಕ ಖಾತೆಯ ಕ್ಯೂಆರ್ ಕೋಡ್. ಬ್ಯಾಂಕಿನ ಲೆಕ್ಕದಲ್ಲಿ ಆತ ವ್ಯಾಪಾರಿಯಲ್ಲ, ಕೇವಲ ‘ವ್ಯಕ್ತಿ’. ವಿದೇಶಿಯ ವಾಲೆಟ್ಟಿಗೆ ‘ವ್ಯಕ್ತಿ’ ಕಾಣಿಸುವುದಿಲ್ಲ. ಪೆಟ್ರೋಲ್ ಬಂಕ್ ಕಾಣುತ್ತದೆ, ಹೋಟೆಲ್ ಕಾಣುತ್ತದೆ. ಮಗ್ಗದ ಮುಂದೆ ಕುಳಿತವಳು ಕಾಣುವುದಿಲ್ಲ.

ಈ ಷರತ್ತಿಗೆ ಕಾರಣವಿಲ್ಲವೆಂದಲ್ಲ. ವಿದೇಶಿಯರಿಂದ ಖಾಸಗಿ ವ್ಯಕ್ತಿಗಳಿಗೆ ಹಣ ಹರಿದರೆ ಅಕ್ರಮ ವರ್ಗಾವಣೆಗೆ ದಾರಿಯಾದೀತು ಎಂಬ ಅಂಜಿಕೆ ಆಡಳಿತಗಾರರಿಗೆ ಸಹಜವೇ. ಅಂಥ ಕಡತಗಳ ಮೇಲೆ ನಾನೂ ಟಿಪ್ಪಣಿ ಬರೆದವನೇ. ಆದರೆ ನಿಯಮ ರೂಪಿಸುವಾಗ ಯಾರನ್ನು ತಡೆಯಬೇಕು ಎಂಬುದು ನಮ್ಮ ಕಣ್ಣ ಮುಂದಿರುತ್ತದೆ. ಯಾರು ತಡೆಗೆ ಸಿಕ್ಕಿಬೀಳುತ್ತಾರೆ ಎಂಬುದು ಇರುವುದಿಲ್ಲ. ಅಕ್ರಮ ಹಣ ಸಾಗಿಸುವವನು 4,500 ರೂಪಾಯಿಯ ಜಮಖಾನೆಯ ದಾರಿ ಹಿಡಿಯುವುದಿಲ್ಲ.

ಅಡ್ಡಿ ತಂತ್ರಜ್ಞಾನದ್ದಲ್ಲ, ನಿಯಮದ್ದು ಎಂಬುದಕ್ಕೆ ಕಲಘಟಗಿಯ ಒಂದು ಉದಾಹರಣೆಯನ್ನು ಕೊಡಬಹುದು. ಸಿಂಗಪುರದಲ್ಲಿರುವ ನನ್ನ ತಂಗಿಯ ಮಗ, ತನ್ನ ತಂಗಿಯ ಚೊಚ್ಚಲ ಮಗುವಿಗೆ ತವರಿನ ಪರವಾಗಿ ಕಲಘಟಗಿಯ ಬಣ್ಣದ ತೊಟ್ಟಿಲು ಮಾಡಿಸಿಕೊಟ್ಟ. ತೊಟ್ಟಿಲು ಮಾಡುವವರ ಖಾತೆಗೆ ಅಲ್ಲಿಂದಲೇ ಮುಂಗಡವನ್ನೂ ಬಾಕಿಯನ್ನೂ ಕಳುಹಿಸಿದ. 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಸಿಂಗಪುರ, ಅಮೆರಿಕ, ಬ್ರಿಟನ್, ಯುಎಇ ಸೇರಿದಂತೆ 10 ದೇಶಗಳ ಮೊಬೈಲ್ ಸಂಖ್ಯೆಗಳನ್ನು ಅನಿವಾಸಿ ಭಾರತೀಯರ ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳ ಯುಪಿಐ ಬಳಕೆಗೆ ಒಪ್ಪಿಕೊಳ್ಳಲು ಬ್ಯಾಂಕುಗಳಿಗೆ ಸೂಚಿಸಿದ್ದರಿಂದ ಇದು ಸಾಧ್ಯವಾಯಿತು. ಸಾವಿರಾರು ಮೈಲಿ ದೂರದಲ್ಲಿ ಕುಳಿತವನು ಕಲಘಟಗಿಯ ಬಡಿಗನಿಗೆ ಹಣ ಮುಟ್ಟಿಸಬಲ್ಲ. ಎದುರಿಗೇ ನಿಂತ ಸ್ವೀಡನ್ನಿನವನು ನವಲಗುಂದದ ನೇಕಾರಳಿಗೆ ಮುಟ್ಟಿಸಲಾರ. ದೂರ ಎಂಬುದನ್ನು ಈಗ ಅಳೆಯುವುದು ಮೈಲಿಗಳಿಂದಲ್ಲ.

ಹಿಂದಿನವರು ಈ ಸಮಸ್ಯೆಯನ್ನು ಅರಿಯದವರಲ್ಲ. ಅಣ್ಣಿಗೇರಿಯಿಂದ ಗದಗ ದಾಟಿ ಸ್ವಲ್ಪ ದೂರ ಹೋದರೆ ಲಕ್ಕುಂಡಿ ಸಿಗುತ್ತದೆ. ಶಾಸನಗಳ ಕಾಲದ ಈ ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು. ಅಲ್ಲಿಯ ‘ಲೊಕ್ಕಿ ಗದ್ಯಾಣ’ ನಾಡಿನ ಅನೇಕ ಶಾಸನಗಳಲ್ಲಿ ಉಲ್ಲೇಖಗೊಂಡಿದೆ. ಚಿನ್ನದ ಆ ನಾಣ್ಯ ತನ್ನನ್ನು ಹಿಡಿದವನ ಊರು, ಹೆಸರು, ಕುಲವನ್ನು ಕೇಳುತ್ತಿರಲಿಲ್ಲ. ತೂಕ ಸರಿಯಿದ್ದರೆ ಪರಸ್ಥಳದ ವರ್ತಕನ ಕೈಯಲ್ಲೂ ಅದು ಓಡುತ್ತಿತ್ತು. ದೊಡ್ಡ ಮೊತ್ತಕ್ಕೆ, ದೂರದ ಪ್ರಯಾಣಕ್ಕೆ ಹುಂಡಿಗಳಿದ್ದವು. ಹುಂಡಿಗಳಲ್ಲಿ ‘ಶಾಹ್ ಜೋಗ್’ ಎಂಬ ಒಂದು ಬಗೆಯಿತ್ತು. ಪೇಟೆಯಲ್ಲಿ ಮರ್ಯಾದಸ್ಥನೆಂದು ಹೆಸರಾದ ‘ಶಾಹ’ನಿಗೆ ಮಾತ್ರ ಅದರ ಹಣ ಸಂದಾಯವಾಗುತ್ತಿತ್ತು. ಊರಿಗೆ ಹೊಸಬನಾದವನು ಅಂಥವನೊಬ್ಬನ ಮೂಲಕವೇ ಹಣ ಪಡೆಯಬೇಕಿತ್ತು. ಅಂದರೆ ಗುರುತಿನವರಿಗೆ ಹುಂಡಿ, ಗುರುತಿಲ್ಲದವರಿಗೆ ನಾಣ್ಯ ಎಂಬ ಎರಡು ದಾರಿಗಳು ಜೊತೆಯಲ್ಲೇ ಇದ್ದವು. ಮೊಬೈಲ್ ಪಾವತಿ ಎಂಬುದು ಸ್ವಭಾವದಲ್ಲಿ ನಾಣ್ಯವಲ್ಲ, ಹುಂಡಿ. ಅದು ಮೊದಲು ಕೇಳುವುದು ‘ನೀನು ಯಾರು’ ಎಂದು. ಸಂತೆಯಲ್ಲಿ ಆ ಸ್ವೀಡನ್ನಿನ ತರುಣ ನನಗೆ ‘ಶಾಹ’ನಾದ, ನವಲಗುಂದದಲ್ಲಿ ನಾನು ಆ ದಂಪತಿಗೆ ‘ಶಾಹ’ನಾದೆ. ಶಾಹನಿಲ್ಲದೆ ಬಂದ ಆ ಹಿಂದಿನ ಇಬ್ಬರು ಬರಿಗೈಯಲ್ಲಿ ಮರಳಿದರು. ಹುಂಡಿಯನ್ನು ಸುಧಾರಿಸುವ ಉತ್ಸಾಹದಲ್ಲಿ ನಾಣ್ಯದ ದಾರಿಯನ್ನೇ ಮುಚ್ಚುತ್ತಿದ್ದೇವೆಯೇ ಎಂಬುದು ಯೋಚಿಸಬೇಕಾದ ಸಂಗತಿ.

ಈ ವಿಷಯದಲ್ಲಿ ಹೊರಗಿನ ದೇಶಗಳು ಕಲಿತ ಪಾಠಗಳು ನಮಗೂ ಉಪಯುಕ್ತ. ಚೀನಾದಲ್ಲಿ ಅಲಿಪೇ ಮತ್ತು ವಿಚಾಟ್ ಪೇ ಇಲ್ಲದೆ ಬೀದಿಯಲ್ಲಿ ಬದುಕುವುದೇ ಕಷ್ಟವೆಂಬ ಸ್ಥಿತಿ ಬಂದಾಗ, ಅಲ್ಲಿನ ಬ್ಯಾಂಕ್ ಖಾತೆಯಿಲ್ಲದ ವಿದೇಶಿ ಪ್ರವಾಸಿಗರು ಕಂಗಾಲಾದರು. 2023ರಲ್ಲಿ ಈ ಆ್ಯಪ್‌ಗಳಿಗೆ ವಿದೇಶಿ ಕಾರ್ಡುಗಳನ್ನು ಜೋಡಿಸುವುದನ್ನು ಸುಲಭಗೊಳಿಸಲಾಯಿತು. 2024ರ ಮಾರ್ಚ್‌ನಲ್ಲಿ ಒಂದು ಬಾರಿಯ ಪಾವತಿಯ ಮಿತಿಯನ್ನು 1,000 ಡಾಲರ್‌ನಿಂದ 5,000 ಡಾಲರ್‌ಗೆ ಏರಿಸಲಾಯಿತು. ಅದೇ ತಿಂಗಳು ಅಲ್ಲಿನ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ತಿರುಳು ಇಷ್ಟು: ದೊಡ್ಡ ಮೊತ್ತಕ್ಕೆ ಕಾರ್ಡು, ಸಣ್ಣ ಮೊತ್ತಕ್ಕೆ ಕ್ಯೂಆರ್ ಕೋಡ್, ಎಲ್ಲವೂ ಕೈಕೊಟ್ಟಾಗ ಆಸರೆಗೆ ನಗದು. ಗಮನಿಸಬೇಕಾದ ಅಂಶವೆಂದರೆ, ಈ ಮಾರ್ಗಸೂಚಿ ವಿದೇಶಿಯರನ್ನೂ ಸ್ವದೇಶದ ವೃದ್ಧರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿತು. ಸ್ವೀಡನ್ ಸರ್ಕಾರ ಮನೆಮನೆಗೆ ಹಂಚಿದ ಆಪತ್ಕಾಲದ ಕೈಪಿಡಿಯಲ್ಲಿ ಒಂದಿಷ್ಟು ನಗದನ್ನು ಕೈಯಲ್ಲಿಟ್ಟುಕೊಳ್ಳಿ ಎಂಬ ಸಲಹೆಯಿದೆ. ನೆರೆಯ ನಾರ್ವೆಯಲ್ಲಿ ಗ್ರಾಹಕರು ನಗದಿನಲ್ಲಿ ಹಣ ಕೊಡುವ ಹಕ್ಕನ್ನು ಬಲಪಡಿಸುವ ಕಾನೂನು 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಡಿಜಿಟಲ್ ಹಾದಿಯಲ್ಲಿ ನಮಗಿಂತ ಮೊದಲು ಹೋದವರು ಈಗ ಹಿಂದಿರುಗಿ ನೋಡುತ್ತಿದ್ದಾರೆ.

‘ನವಲಗುಂದಕ್ಕೆ ವರ್ಷಕ್ಕೆ ಎಷ್ಟು ಮಂದಿ ವಿದೇಶಿಯರು ಬರುತ್ತಾರೆ? ಅವರಿಗಾಗಿ ಇಷ್ಟೆಲ್ಲ ಚಿಂತೆ ಏಕೆ?’ ಎಂದು ಕೇಳುವವರಿದ್ದಾರೆ. ಬರುವವರು ಕಡಿಮೆ, ಒಪ್ಪೋಣ. ಹಂಪಿ, ಬಾದಾಮಿಗಳನ್ನು ನೋಡಲು ಬಂದವರಲ್ಲಿ ಕೆಲವರು ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದತ್ತ ಹೊರಳಬಹುದು. ಹಿಂದೂಸ್ತಾನಿ ಸಂಗೀತದ ಒಲವಿನವರು ಸವಾಯಿ ಗಂಧರ್ವರ ಕುಂದಗೋಳವನ್ನು ನೋಡಬಯಸಬಹುದು. ಆದರೆ ಜಮಖಾನೆಗೆ ಭೌಗೋಳಿಕ ಸೂಚಕದ ಮನ್ನಣೆ ಕೊಟ್ಟು, ಜಗತ್ತೇ ಬಂದು ಕೊಳ್ಳಲಿ ಎಂದು ಆಶಿಸಿ, ಬಂದ ಒಬ್ಬರನ್ನು ಹಣ ಪಡೆಯಲಾರದೆ ಕಳುಹಿಸಿಕೊಡುವುದು ಎಂಥ ವಿವೇಕ? ನೇಯುವವರ ಸಂಖ್ಯೆ ಕುಗ್ಗುತ್ತಿರುವ ಕಸುಬಿನಲ್ಲಿ ಒಂದು ಮಾರಾಟ ತಪ್ಪುವುದೆಂದರೆ ಸೊಸೆಗೆ, ಮಗಳಿಗೆ ಆ ಕಸುಬನ್ನು ಕಲಿಸಬೇಕೇ ಬೇಡವೇ ಎಂಬ ನಿರ್ಧಾರದ ಮೇಲೂ ಅದು ಪರಿಣಾಮ ಬೀರುತ್ತದೆ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ವಿದೇಶಿಗೆ ಎದುರಾಗುವ ಗೋಡೆ ವಿದೇಶಿಯೊಬ್ಬನಿಗೇ ಮೀಸಲಾದುದಲ್ಲ. ಸಾದಾ ಫೋನಿನ ಅಜ್ಜ, ಫೋನ್ ಸಂಖ್ಯೆ ಮಗನ ಹೆಸರಿನಲ್ಲಿರುವ ವಿಧವೆ, ಕಬ್ಬು ಕಡಿಯಲು ಬಂದ ಪರಊರಿನ ಕೂಲಿಯವ, ಬಸ್ ನಿಲ್ದಾಣದಲ್ಲಿ ಫೋನಿನ ಚಾರ್ಜ್ ಮುಗಿದ ವಿದ್ಯಾರ್ಥಿನಿ, ಇವರೆಲ್ಲರೂ ಒಂದಲ್ಲ ಒಂದು ಗಳಿಗೆಯಲ್ಲಿ ತಮ್ಮ ನಾಡಿನಲ್ಲೇ ಪರದೇಶಿಗಳು. ಪಾವತಿ ವ್ಯವಸ್ಥೆಯೊಂದು ಎಷ್ಟು ಕೋಟಿ ವಹಿವಾಟು ನಡೆಸಿತು ಎಂಬುದರಿಂದ ಅದರ ವೇಗ ತಿಳಿಯುತ್ತದೆ. ಅದರ ಯೋಗ್ಯತೆ ತಿಳಿಯುವುದು, ಯಾರ ಪರಿಚಯವೂ ಇಲ್ಲದ ಹೊಸಬನೊಬ್ಬ ಆ ಊರಿನಲ್ಲಿ ಒಂದು ಕಪ್ಪು ಚಹಾ ಕುಡಿದು ಮರ್ಯಾದೆಯಿಂದ ಹಣ ಕೊಟ್ಟು ಎದ್ದುಹೋಗಬಲ್ಲನೇ ಎಂಬುದರಿಂದ.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಮೊದಲನೆಯದು, ಜಿಲ್ಲೆಯ ಮಟ್ಟದಲ್ಲೇ ಆಗಬಹುದಾದ ಕೆಲಸ. ಜಮಖಾನೆ ನೇಯುವವರು, ತೊಟ್ಟಿಲು ಮಾಡುವವರು, ಇಂಥ ಕುಶಲಕರ್ಮಿಗಳೆಲ್ಲರಿಗೂ ವ್ಯಾಪಾರಿ ಖಾತೆಯ ಕ್ಯೂಆರ್ ಕೋಡ್ ಕೊಡಿಸಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರವೂ ಬ್ಯಾಂಕುಗಳೂ ಕೂಡಿ ನವಲಗುಂದದಲ್ಲಿ ಒಂದು ದಿನ, ಕಲಘಟಗಿಯಲ್ಲಿ ಒಂದು ದಿನ ಶಿಬಿರ ನಡೆಸಿದರೆ ಸಾಕು. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಅನುದಾನ ಬೇಡ. ಕೋಡ್ ಮನೆಯ ಗಂಡಸರ ಹೆಸರಿನಲ್ಲಲ್ಲ, ನೇಯುವವಳ ಹೆಸರಿನಲ್ಲೇ ಇರಬೇಕು ಎಂಬುದನ್ನು ಮರೆಯಬಾರದು.

ಎರಡನೆಯದು ರಿಸರ್ವ್ ಬ್ಯಾಂಕ್ ಮಾಡಬೇಕಾದದ್ದು. ವಿದೇಶಿ ಪ್ರವಾಸಿಗರ ವಾಲೆಟ್ಟಿನಿಂದ ವ್ಯಕ್ತಿಗಳಿಗೂ ಸಣ್ಣ ಮೊತ್ತ ಪಾವತಿಸಲು, ದಿನಕ್ಕೆ ಇಷ್ಟೇ ಎಂಬ ಮಿತಿಯೊಂದಿಗೆ, ಅವಕಾಶವಿರಬೇಕು. ದುರುಪಯೋಗವನ್ನು ಮಿತಿಯಿಂದ ತಡೆಯಬಹುದು. ಅದಕ್ಕಾಗಿ ಬಾಗಿಲನ್ನೇ ಮುಚ್ಚಬೇಕಿಲ್ಲ. ಇ–ವೀಸಾ ಪಡೆಯುವ ಹೊತ್ತಿನಲ್ಲೇ ವಾಲೆಟ್ಟಿಗೂ ಅರ್ಜಿ ಹಾಕುವ ಅನುಕೂಲವಿದ್ದರೆ ಯಾವ ನಿಲ್ದಾಣದಲ್ಲಿ ಇಳಿದವರಿಗೂ ತೊಂದರೆಯಾಗದು. ಇದೇ ಔದಾರ್ಯವನ್ನು ನಮ್ಮ ಪ್ರಜೆಗಳಿಗೆ ತೋರುವಂತೆ ಬೇರೆ ದೇಶಗಳನ್ನು ಕೇಳುವ ನೈತಿಕ ಬಲವೂ ಆಗ ನಮಗಿರುತ್ತದೆ.

ಮೂರನೆಯದು ನಗದಿಗೆ ಸಂಬಂಧಿಸಿದ್ದು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯಂತೆ ನೋಟು ಕಾನೂನುಬದ್ಧ ಹಣ. 2011ರ ನಾಣ್ಯ ಕಾಯ್ದೆಯಂತೆ ಒಂದು ರೂಪಾಯಿ ಮತ್ತು ಅದಕ್ಕೂ ಮೇಲಿನ ನಾಣ್ಯಗಳು 1,000 ರೂಪಾಯಿಯವರೆಗಿನ ಪಾವತಿಗೆ ಕಾನೂನುಬದ್ಧ. ಕಾನೂನಿನಲ್ಲಿರುವ ಈ ಮಾತು ಗಲ್ಲೆಯ ಮುಂದೆಯೂ ನಡೆಯಬೇಕು. ಸರ್ಕಾರಿ ಕಚೇರಿ, ಬಸ್ಸು, ಆಸ್ಪತ್ರೆ, ಪ್ರವಾಸಿ ತಾಣಗಳ ಟಿಕೆಟ್ ಕಿಂಡಿಗಳಲ್ಲಿ ‘ನಗದು ಇಲ್ಲ, ಸ್ಕ್ಯಾನ್ ಮಾಡಿ’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ತಾಲ್ಲೂಕು ಕೇಂದ್ರಗಳ ಎಟಿಎಂಗಳಲ್ಲಿ ಹಣವಿರುವಂತೆ ನೋಡಿಕೊಳ್ಳುವುದು ಬ್ಯಾಂಕುಗಳ ಕರ್ತವ್ಯವೇ ಹೊರತು ಉಪಕಾರವಲ್ಲ.

ವಿದೇಶಕ್ಕೆ ಹೊರಟು ನಿಂತ ನನ್ನ ವಯಸ್ಸಿನವರಿಗೆ ಒಂದು ಕಿವಿಮಾತು. ಯಾವ ಒಂದು ದಾರಿಯನ್ನೂ ನಂಬಿ ಹೋಗಬೇಡಿ. ವಿದೇಶದಲ್ಲಿ ಬಳಸಲು ಅನುಮತಿ ಪಡೆದ ಕಾರ್ಡು ಎರಡಿರಲಿ, ಅಲ್ಲಿನ ಸಣ್ಣ ನೋಟುಗಳು ಸ್ವಲ್ಪ ಇರಲಿ. ನಮ್ಮ ಸಿಮ್ಮನ್ನು ತೆಗೆದಿಡದೆ ರೋಮಿಂಗ್‌ನಲ್ಲಿ ಜೀವಂತವಾಗಿಡಿ. ಹೋಗುವ ದೇಶದಲ್ಲಿ ಯುಪಿಐ ನಡೆಯುತ್ತದೆಯೇ, ಎಲ್ಲೆಲ್ಲಿ ನಡೆಯುತ್ತದೆ, ಅದಕ್ಕೆ ಆ್ಯಪ್‌ನಲ್ಲಿ ಮೊದಲೇ ಏನು ಮಾಡಬೇಕು ಎಂಬುದನ್ನು ಮನೆ ಬಿಡುವ ಮೊದಲೇ ತಿಳಿದುಕೊಳ್ಳಿ.

ಆ ಮಧ್ಯಾಹ್ನದ ಬಳಿಕ ನಾನು ಆ ಹೆಣ್ಣುಮಗಳ ಜೊತೆ ಬ್ಯಾಂಕಿಗೆ ಹೋಗಿದ್ದೆ. ಒಮ್ಮೆಯಲ್ಲ, ಮೂರು ಸಲ. ಅರ್ಜಿ, ಫೋಟೊ, ‘ನಿಮ್ಮ ಅಂಗಡಿ ಎಲ್ಲಿದೆ’ ಎಂಬ ಪ್ರಶ್ನೆ. ‘ಮನೀನ ಅಂಗಡಿರೀ, ಮಗ್ಗನ ಗಲ್ಲೆರೀ’ ಎಂದು ಆಕೆ ಉತ್ತರಿಸಿದರು. ನಿವೃತ್ತ ಅಧಿಕಾರಿಯೊಬ್ಬ ಪಕ್ಕದಲ್ಲಿ ಕುಳಿತಿದ್ದರಿಂದ ಮೂರು ಸಲಕ್ಕೆ ಮುಗಿಯಿತು ಎಂದು ಯಾರೋ ಹೇಳಿದರು. ಅಲ್ಲಿಯೂ ಒಬ್ಬ ‘ಶಾಹ’ ಬೇಕಾಯಿತಲ್ಲ ಎಂದು ನಾನು ಒಳಗೊಳಗೇ ನಾಚಿಕೊಂಡೆ. ಈಗ ಆಕೆಯ ಹೆಸರಿನ ಕ್ಯೂಆರ್ ಕೋಡನ್ನು ಮಗ್ಗದ ಕಂಬಕ್ಕೆ ಅಂಟಿಸಲಾಗಿದೆ. ಹೊರದೇಶದವರು ಇನ್ನೂ ಯಾರೂ ಬಂದಿಲ್ಲ. ಅದೇ ಓಣಿಯ ಉಳಿದ ಮನೆಗಳಲ್ಲಿ ಇನ್ನೂ ಮಕ್ಕಳ ಫೋನಿನ ಕೋಡನ್ನೇ ತೋರಿಸುತ್ತಿದ್ದಾರೆ.